ಕೂದಲಿಗೆಂದು ನುಂಗಿದ ಮಾತ್ರೆ ಥೈರಾಯ್ಡ್ ಕೊರತೆಯನ್ನು ಮರೆಮಾಡಿದ ಒಂದು ಪ್ರಕರಣ

ಶಂಕರಪುರದ ಆಸುಪಾಸಿನಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಈ ಪ್ರಕರಣದ ಮಹಿಳೆ ಅಂಥದೊಂದು ಮಲ್ಲಿಗೆ ಬೆಳೆಯುವ ಮನೆಗೆ ಸೊಸೆಯಾಗಿ ಬಂದವರು. ಜೂನ್ ತಿಂಗಳ ಮೊದಲ ವಾರ ಉಡುಪಿಯ ನನ್ನ ಚಿಕಿತ್ಸಾಲಯದಲ್ಲಿ ಕುಳಿತು ತಮ್ಮ ತೊಂದರೆಯನ್ನು ಹೇಳಿಕೊಳ್ಳುವಾಗಲೂ ಅವರು ಬಳಸಿದ್ದು ಹೂವಿನ ಲೆಕ್ಕವನ್ನೇ: ಹಿಂದಿನ ವರ್ಷದ ಮದುವೆಗಳಲ್ಲಿ ಇಡೀ ಒಂದು ಚೆಂಡು ಮಲ್ಲಿಗೆಯನ್ನು ಹೊತ್ತಿದ್ದ ಜಡೆ, ಈ ಮೇ ತಿಂಗಳಲ್ಲಿ ನಾದಿನಿಯ ಮದುವೆಯ ದಿನ ಕಾಲು ಚೆಂಡಿನ ಭಾರಕ್ಕೇ ಕ್ಲಿಪ್ಪಿನಿಂದ ಜಾರುತ್ತಿತ್ತು. ಬಟ್ಟೆ ಅಂಗಡಿಯ ಹಳೆಯ ಚೀಲವೊಂದರಲ್ಲಿ ಎಂಟು ದಿನ ಉದುರಿದ ಕೂದಲನ್ನು ಉಂಡೆ ಮಾಡಿ ತಂದಿದ್ದರು. ಕೂದಲು ಉದುರುವವರ ಮಾತನ್ನು ಸುಲಭವಾಗಿ ಯಾರೂ ನಂಬುವುದಿಲ್ಲವಾದ್ದರಿಂದ ಹೀಗೆ ಸಾಕ್ಷಿ ಹೊತ್ತು ತರುವವರನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ.

ಅವರ ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ವಯಸ್ಸು 36, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ, ಒಂಬತ್ತು ವರ್ಷದ ಮಗಳು, ಗಲ್ಫಿನಲ್ಲಿ ದುಡಿಯುವ ಪತಿ. ಅವರು ನನಗೆ ಹೊಸಬರಾಗಿರಲಿಲ್ಲ. ಅದಕ್ಕೂ ಏಳು ತಿಂಗಳ ಹಿಂದೆ ಇದೇ ತೊಂದರೆಗೆ ನನ್ನ ಬಳಿಗೆ ಬಂದಿದ್ದರು. ಆಗ ನಾನು ಹೇಳಿದ್ದು ಅರ್ಧ ಸರಿಯಾಗಿತ್ತು, ಅನಂತರ ಹೇಳಿದ್ದು ಪೂರ್ತಿ ತಪ್ಪಾಗಿತ್ತು. ಈ ಬರಹಕ್ಕೆ ಕಾರಣವೂ ಅದೇ.

ಜ್ವರದ ಲೆಕ್ಕ

ಹಿಂದಿನ ವರ್ಷ ಆಟಿಯ ಮಳೆಯಲ್ಲಿ, ಜುಲೈ ಕೊನೆಯ ಹೊತ್ತಿಗೆ ಅವರಿಗೆ ಡೆಂಗ್ಯೂ ಬಂದು, ಪ್ಲೇಟ್‌ಲೆಟ್ ಇಳಿದು, ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಕೂದಲು ಉದುರತೊಡಗಿತು. ಮನೆಯಲ್ಲಿ ಮೊದಲು ದೂರು ಹೋದದ್ದು ನೀರಿನ ಮೇಲೆ. ಆ ಬೇಸಿಗೆಯಲ್ಲಿ ಬಾವಿ ಬತ್ತಿ ಕೊಳವೆಬಾವಿಯ ನೀರು ಬಳಸಲು ತೊಡಗಿದ್ದರು. ಆ ಬಳಿಕ ಒಂದೆಲಗ, ಗರುಗ, ಕರಿಬೇವು ಹಾಕಿ ಕಾಯಿಸಿದ ತೆಂಗಿನೆಣ್ಣೆ, ವಾರಕ್ಕೆರಡು ಸಲ ದಾಸವಾಳದ ಸೊಪ್ಪಿನ ಗೊಂಪು. ಇವುಗಳಿಂದ ಕೆಡುಕಿಲ್ಲ, ಎಣ್ಣೆ ಹಚ್ಚಿದ ಕೂದಲು ಬಾಚುವಾಗ ತುಂಡಾಗುವುದು ಕಡಿಮೆ ಎಂಬುದೂ ನಿಜ. ಆದರೆ ಚೀಲದಲ್ಲಿದ್ದ ಕೂದಲು ತುಂಡಾದದ್ದಾಗಿರಲಿಲ್ಲ. ಪ್ರತಿ ಎಳೆಯ ತುದಿಯಲ್ಲಿಯೂ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗುಬುಟು ಇತ್ತು. ಅಂದರೆ ಅದು ತನ್ನ ವಿಶ್ರಾಂತಿಯ ಅವಧಿ ಮುಗಿಸಿ ಬುಡಸಮೇತ ಕಳಚಿಕೊಂಡ ಕೂದಲು.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಮತ್ತೆ ಸುಮಾರು 3 ತಿಂಗಳು ಸುಮ್ಮನೆ ಕುಳಿತಿದ್ದು ಉದುರುತ್ತದೆ. ಅದೇ ಗುಳಿಯಿಂದ ಹೊಸ ಕೂದಲು ಹೊರಡುತ್ತದೆ. ಯಾವುದೇ ಹೊತ್ತಿನಲ್ಲಿ ನೂರರಲ್ಲಿ 85ರಿಂದ 90 ಕೂದಲುಗಳು ಬೆಳವಣಿಗೆಯ ಹಂತದಲ್ಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಕಠಿಣ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಒಮ್ಮೆಲೇ ಊಟ ಬಿಟ್ಟು ತೂಕ ಇಳಿಸುವುದು, ಇಂಥ ಯಾವುದಾದರೂ ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೇ ವಿಶ್ರಾಂತಿಗೆ ಸರಿಯುತ್ತವೆ. ಉದುರುವುದು ಎರಡು ಮೂರು ತಿಂಗಳ ಮೇಲೆ. ಆದ್ದರಿಂದಲೇ ಕೂದಲು ಉದುರುತ್ತದೆಂದು ಬಂದವರನ್ನು ಈ ವಾರ ಹಚ್ಚಿದ ಶಾಂಪೂವಿನ ಬಗ್ಗೆ ಕೇಳಿ ಹೆಚ್ಚು ಪ್ರಯೋಜನವಿಲ್ಲ. ಕ್ಯಾಲೆಂಡರಿನಲ್ಲಿ ಮೂರು ಹಾಳೆ ಹಿಂದಕ್ಕೆ ಮಗುಚಬೇಕು.

ಜುಲೈಯ ಜ್ವರಕ್ಕೆ ಸೆಪ್ಟೆಂಬರಿನ ಉದುರುವಿಕೆ ಸರಿಯಾಗಿ ಹೊಂದುತ್ತಿತ್ತು. ನವೆಂಬರಿನಲ್ಲಿ ಬಂದಾಗ ಇದು ಡೆಂಗ್ಯೂವಿನ ಬಾಕಿ, ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ ಎಂದು ಹೇಳಿ, ರಕ್ತಹೀನತೆ ಇದೆಯೇ ನೋಡೋಣ, ಥೈರಾಯ್ಡ್ ಕೂಡ ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟಿದ್ದೆ. ಕೆಲಸದ ಒತ್ತಡದಲ್ಲಿ ಅವರು ಪರೀಕ್ಷೆ ಮಾಡಿಸಿದ್ದು ಜನವರಿಯಲ್ಲಿ, ಅದೂ ಥೈರಾಯ್ಡ್ ಒಂದನ್ನು ಮಾತ್ರ. ವರದಿಯ ಚಿತ್ರವನ್ನು ಫೋನಿಗೆ ಕಳುಹಿಸಿದ್ದರು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ, ಥೈರಾಯ್ಡ್ ಕೊರತೆಯಾದಾಗ ಏರುವ ಹಾರ್ಮೋನು) 2.1 ಎಂದಿತ್ತು, 0.4ರಿಂದ 4ರ ಆಸುಪಾಸಿನವರೆಗೆ ಸಹಜವೆಂದು ಹೆಚ್ಚಿನ ಪ್ರಯೋಗಾಲಯಗಳು ಗುರುತಿಸುತ್ತವೆ. ಎರಡು ರೋಗಿಗಳ ನಡುವಿನ ಬಿಡುವಿನಲ್ಲಿ ಅದನ್ನು ನೋಡಿ ‘ಥೈರಾಯ್ಡ್ ಸರಿಯಿದೆ’ ಎಂದು ಉತ್ತರಿಸಿದೆ. ಅದೇ ಹಾಳೆಯ ಕೆಳಗಿನ ಸಾಲಿನಲ್ಲಿ ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು, 1.9 ಎಂದೂ, ಅದರ ಮೇಲಿನ ಮಿತಿ 1.7 ಎಂದೂ ಇತ್ತು. ಆ ಸಾಲನ್ನು ನಾನು ಓದಲಿಲ್ಲ.

ಅತ್ತೆಯ ಒಂದು ಮಾತು

ಜೂನಿನ ಹೊತ್ತಿಗೆ ಜ್ವರ ಬಿಟ್ಟು ಹತ್ತು ತಿಂಗಳಾಗಿತ್ತು. ಡೆಂಗ್ಯೂವಿನ ಬಾಕಿ ಇಷ್ಟು ದೀರ್ಘಕಾಲ ಉಳಿಯುವಂಥದಲ್ಲ. ಹುಬ್ಬಿನ ಹೊರಗಿನ ಮೂರನೆಯ ಒಂದು ಭಾಗದ ಕೂದಲು ತೆಳುವಾಗಿತ್ತು. ಅದನ್ನು ಅವರು ಪೆನ್ಸಿಲಿನಿಂದ ತೀಡಿಕೊಂಡಿದ್ದರು. ಧ್ವನಿ ಒರಟಾಗಿತ್ತು, ಸಂಘದ ಕಚೇರಿಗೆ ಫೋನ್ ಮಾಡುವವರೆಲ್ಲ ಶೀತವೇ ಎಂದು ಕೇಳುತ್ತಿದ್ದರಂತೆ. ಮುಟ್ಟು ಏಳೆಂಟು ದಿನ, ಅದೂ ಹೆಚ್ಚು ಸ್ರಾವ. ಮಲಬದ್ಧತೆ. ಊಟ ಹೆಚ್ಚದಿದ್ದರೂ ತೂಕ ಐದು ಕಿಲೋ ಏರಿ 64ಕ್ಕೆ ಬಂದಿತ್ತು. ಇವನ್ನೆಲ್ಲ ನಾನು ಒಂದೊಂದಾಗಿ ಕೇಳಿ ತಿಳಿಯಬೇಕಾಯಿತು. ಅವರ ಮಟ್ಟಿಗೆ ಕೂದಲೊಂದೇ ಕಾಯಿಲೆ, ಉಳಿದದ್ದು ವಯಸ್ಸು ಮತ್ತು ಕೆಲಸ.

ಅನುಮಾನವನ್ನು ಗಟ್ಟಿ ಮಾಡಿದ್ದು ಜೊತೆಗೆ ಬಂದಿದ್ದ ಅತ್ತೆ. ‘ಡಾಕ್ಟ್ರೇ, ಈ ಸಲದ ಸೆಕೆಗೆ ನಮಗೆ ಯಾರಿಗೂ ನಿದ್ರೆಯಿಲ್ಲ. ಇವಳು ಮಾತ್ರ ಫ್ಯಾನ್ ಹಾಕಲು ಬಿಡುವುದಿಲ್ಲ, ಹೊದ್ದುಕೊಂಡು ಮಲಗುತ್ತಾಳೆ’ ಎಂದರು. ಮಳೆ ಹಿಡಿಯುವ ಮುಂಚಿನ ಕರಾವಳಿಯ ಮೇ ತಿಂಗಳನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಪರೀಕ್ಷಿಸಿದಾಗ ನಾಡಿ ನಿಮಿಷಕ್ಕೆ 58, ರಕ್ತದೊತ್ತಡ 130/92, ಚರ್ಮ ಒಣಗಿ ಒರಟಾಗಿತ್ತು, ಅಂಗೈಯಲ್ಲಿ ತಿಳಿಹಳದಿ ಛಾಯೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ತಟ್ಟಿದರೆ ಪಾದ ಥಟ್ಟನೆ ಇಳಿದು ಬಹಳ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಥೈರಾಯ್ಡ್ ಕೊರತೆಯಲ್ಲಿ ಕಾಣುವ ಈ ಚಿಹ್ನೆ ಕಲಿಸಿಕೊಟ್ಟವರಿಗೆ ಕೃತಜ್ಞತೆ ಹೇಳಬೇಕೆನಿಸುವಷ್ಟು ಸ್ಪಷ್ಟವಾಗಿತ್ತು. ಕುತ್ತಿಗೆಯ ಮುಂಭಾಗದ ಗ್ರಂಥಿ ಸ್ವಲ್ಪ ದಪ್ಪವಾಗಿ ಗಟ್ಟಿಯಾಗಿ ಕೈಗೆ ಸಿಕ್ಕಿತು. ತಲೆಯಲ್ಲಿ ಹೊಟ್ಟು, ಗಾಯ, ಬೋಳು ತೇಪೆ ಯಾವುದೂ ಇರಲಿಲ್ಲ. ಎಲ್ಲ ಕಡೆಯೂ ಸಮವಾಗಿ ತೆಳುವಾಗಿತ್ತು. ಸುಮಾರು 50 ಕೂದಲುಗಳನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದಾಗ 9 ಕೈಗೆ ಬಂದವು. ಹತ್ತರಲ್ಲೊಂದಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಸಕ್ರಿಯವಾಗಿದೆ ಎಂದರ್ಥ. ನಾಣ್ಯದಗಲದ ಬೋಳು ತೇಪೆಗಳಿದ್ದಿದ್ದರೆ ವಿಚಾರ ಬೇರೆಯಾಗುತ್ತಿತ್ತು. ಅದೂ ಥೈರಾಯ್ಡ್ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವಂಥದೇ, ಆದರೆ ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೂದಲ ಬುಡವನ್ನೇ ನೇರವಾಗಿ ಆಕ್ರಮಿಸಿರುತ್ತದೆ.

ಶರೀರ ಒಂದು ಹೇಳುತ್ತಿತ್ತು, ಜನವರಿಯ ವರದಿ ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಿತ್ತು. ಆಗ ಆ ಚಿತ್ರವನ್ನು ಫೋನಿನಲ್ಲಿ ಹುಡುಕಿ ತೆಗೆದು, ಕೆಳಗಿನ ಸಾಲನ್ನು ಓದಿದೆ. ಹಾರ್ಮೋನು ಮಿತಿಗಿಂತ ಹೆಚ್ಚಿದೆ ಎನ್ನುವ ಆ ಸಂಖ್ಯೆಗೂ, ಸೆಕೆಯಲ್ಲಿ ಹೊದ್ದು ಮಲಗುವ ಈ ಮಹಿಳೆಗೂ ಯಾವ ಸಂಬಂಧವೂ ಇರಲಿಲ್ಲ. ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂದರು. ಕೂದಲಿಗೆಂದು ಏನಾದರೂ ಎಂದು ಮತ್ತೆ ಕೇಳಿದಾಗ, ದೀಪಾವಳಿಯ ರಜೆಯಲ್ಲಿ ಪತಿ ತಂದುಕೊಟ್ಟ ವಿಟಮಿನ್ ಇದೆ, ಅದು ಮದ್ದಲ್ಲವಲ್ಲ ಎಂದರು. ಮರುದಿನ ಸೀಸೆಯ ಚಿತ್ರ ಬಂತು: ಬಯೋಟಿನ್, ಮಾತ್ರೆಯೊಂದಕ್ಕೆ 10,000 ಮೈಕ್ರೋಗ್ರಾಂ. ಪ್ರತಿದಿನ ಬೆಳಿಗ್ಗೆ ಒಂದು. ಜನವರಿಯಲ್ಲಿ ರಕ್ತ ಕೊಡಲು ಹೋದ ದಿನ ಉಪವಾಸವಿದ್ದರೂ ಆ ಮಾತ್ರೆಯನ್ನು ನೀರಿನಲ್ಲಿ ನುಂಗಿಯೇ ಹೋಗಿದ್ದರು.

ಯಂತ್ರ ಏಕೆ ಸುಳ್ಳು ಹೇಳಿತು

ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಬಯೋಟಿನ್ ಸಾಕು, ಅದು ನಿತ್ಯದ ಊಟದಲ್ಲೇ ಸಿಗುತ್ತದೆ. ಅದರ ಮುನ್ನೂರು ಪಟ್ಟಿಗಿಂತಲೂ ಹೆಚ್ಚು ಆ ಮಾತ್ರೆಯಲ್ಲಿತ್ತು. ನಿಜವಾದ ಬಯೋಟಿನ್ ಕೊರತೆ ಬಹಳ ಅಪರೂಪ. ಕೊರತೆಯಿಲ್ಲದವರ ಕೂದಲಿಗೆ ಅದರಿಂದ ಲಾಭವಿದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ದೇಹಕ್ಕೆ ವಿಷವೂ ಅಲ್ಲ. ತೊಂದರೆ ಇರುವುದು ಪ್ರಯೋಗಾಲಯದಲ್ಲಿ. ಹಾರ್ಮೋನು ಅಳೆಯುವ ಅನೇಕ ಯಂತ್ರಗಳಲ್ಲಿ ಪ್ರತಿಕಾಯಗಳನ್ನು ಹಿಡಿದು ನಿಲ್ಲಿಸಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ನಡುವಿನ ಬಿಗಿಯಾದ ಬಂಧವನ್ನೇ ಬಳಸುತ್ತಾರೆ. ರೋಗಿಯ ರಕ್ತದಲ್ಲಿಯೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಹೋಗಿ ಆ ಜಾಗಗಳಲ್ಲಿ ಕುಳಿತುಬಿಡುತ್ತದೆ. ಆಗ ಟಿಎಸ್‌ಎಚ್ ಹಿಡಿದುಕೊಂಡ ಪ್ರತಿಕಾಯಗಳು ನೆಲೆಯಿಲ್ಲದೆ ತೊಳೆದುಹೋಗಿ, ಟಿಎಸ್‌ಎಚ್ ಇದ್ದದ್ದಕ್ಕಿಂತ ಬಹಳ ಕಡಿಮೆ ಎಂದು ಓದಿಕೊಳ್ಳುತ್ತದೆ. ಫ್ರೀ ಟಿ4 ಅಳೆಯುವ ವಿಧಾನದಲ್ಲಿ ಸಂಕೇತ ಕಡಿಮೆಯಾದಷ್ಟೂ ಹಾರ್ಮೋನು ಹೆಚ್ಚಿದೆಯೆಂದು ಲೆಕ್ಕ. ಆದ್ದರಿಂದ ಅದು ಏರಿದಂತೆ ಕಾಣುತ್ತದೆ. ಕೊರತೆಯಿರುವವರ ವರದಿ ಸಹಜವೆಂದೋ, ಸಹಜವಾಗಿರುವವರ ವರದಿ ಥೈರಾಯ್ಡ್ ಹೆಚ್ಚಳವೆಂದೋ ಬರುವುದು ಹೀಗೆ. ಎಲ್ಲ ಯಂತ್ರಗಳೂ ಈ ವಿಧಾನದವಲ್ಲ, ಆದ್ದರಿಂದ ಒಂದು ಪ್ರಯೋಗಾಲಯದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಫಲಿತಾಂಶ ಬಂದು ಗೊಂದಲವಾಗುವುದೂ ಉಂಟು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಅವರ ಮುಖ್ಯ ಆತಂಕವಿದ್ದದ್ದು ಥೈರಾಯ್ಡಿಗಿಂತ ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯ ಬಗ್ಗೆ. ಅದು ಕೂಡ ಇದೇ ರೀತಿ ಸುಳ್ಳಾಗಿ ಕಡಿಮೆ ತೋರಬಹುದು.

ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ಬಯೋಟಿನ್ ನಿಲ್ಲಿಸಬೇಕೆಂಬುದು ಸಾಮಾನ್ಯ ಸಲಹೆ. ನಾನು ಒಂದು ವಾರ ನಿಲ್ಲಿಸಿ ಮತ್ತೆ ರಕ್ತ ತೆಗೆಸಿದೆ. ಟಿಎಸ್‌ಎಚ್ 48.6, ಫ್ರೀ ಟಿ4 0.48. ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯಗಳು ಬಹಳ ಹೆಚ್ಚಿದ್ದವು. ಹಿಮೋಗ್ಲೋಬಿನ್ 10.2, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕೇವಲ 9.

ಇಷ್ಟಾದ ಮೇಲೆ ಇಡೀ ಕತೆ ಒಂದು ಕ್ರಮಕ್ಕೆ ಬಂತು. ಥೈರಾಯ್ಡ್ ಹಾರ್ಮೋನು ಕೂದಲ ಬುಡದ ಜೀವಕೋಶಗಳ ಮೇಲೆ ನೇರವಾಗಿಯೇ ಕೆಲಸ ಮಾಡುತ್ತದೆ. ಮನುಷ್ಯನ ಕೂದಲ ಬುಡಗಳನ್ನು ಪ್ರಯೋಗಾಲಯದಲ್ಲಿಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಹಾರ್ಮೋನುಗಳು ಬೆಳವಣಿಗೆಯ ಹಂತವನ್ನು ಉದ್ದ ಮಾಡುವುದು ಕಂಡುಬಂದಿತ್ತು. ಹಾರ್ಮೋನು ಕಡಿಮೆಯಾದರೆ ಆ ಕೋಶಗಳ ವಿಭಜನೆ ನಿಧಾನವಾಗುತ್ತದೆ, ವಿಶ್ರಾಂತಿಗೆ ಹೋದ ಕೂದಲಿನ ಬುಡ ಮತ್ತೆ ಎಚ್ಚೆತ್ತು ಹೊಸ ಕೂದಲನ್ನು ಹೊರಡಿಸುವುದು ತಡವಾಗುತ್ತದೆ. ಡೆಂಗ್ಯೂ ಜ್ವರ ಈ ಮಹಿಳೆಯ ಕೂದಲನ್ನು ರಾಶಿಯಾಗಿ ವಿಶ್ರಾಂತಿಗೆ ತಳ್ಳಿದ್ದು ನಿಜ, ನವೆಂಬರಿನಲ್ಲಿ ನಾನು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ಹಾಗೆ ಖಾಲಿಯಾದ ಗುಳಿಗಳಲ್ಲಿ ಹೊಸದು ಹುಟ್ಟಬೇಕಾದ ತಿಂಗಳುಗಳಲ್ಲಿ ಹಾರ್ಮೋನಿನ ಕೊರತೆ ಬೆಳೆಯುತ್ತಾ ಹೋಗಿತ್ತು. ಅದೇ ಕೊರತೆಯಿಂದ ಮುಟ್ಟಿನ ಸ್ರಾವ ಹೆಚ್ಚಿ, ಕಬ್ಬಿಣ ಸೋರಿಹೋಗಿ, ಅದು ಕೂದಲಿಗೆ ಎರಡನೆಯ ಪೆಟ್ಟಾಗಿತ್ತು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಎರಡನ್ನೂ ತುಂಬಿಕೊಡಬೇಕು, ಅಷ್ಟೆ.

ಇಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ತಪ್ಪನ್ನೂ ಹೇಳಬೇಕು, ಏಕೆಂದರೆ ನಾನು ನೋಡುವಂತೆ ಅದೇ ಹೆಚ್ಚು ನಡೆಯುತ್ತದೆ. ಟಿಎಸ್‌ಎಚ್ 5 ಅಥವಾ 6 ಇದ್ದು ಟಿ4 ಸಹಜವಾಗಿರುವವರಿಗೆ ಕೂದಲು ಉದುರುವುದೆಲ್ಲ ಥೈರಾಯ್ಡಿನಿಂದಲೇ ಎಂದು ಮಾತ್ರೆ ಶುರು ಮಾಡಲಾಗುತ್ತದೆ. ಕೂದಲು ಮೊದಲಿನಂತೆಯೇ ಉದುರುತ್ತಿರುತ್ತದೆ. ಕೂದಲಿಗೆ ಪೆಟ್ಟು ಕೊಡುವುದು ಸಾಮಾನ್ಯವಾಗಿ ತೀವ್ರವಾದ, ತಿಂಗಳುಗಟ್ಟಲೆ ಉಳಿದ ಕೊರತೆ, ಇಲ್ಲವೇ ಅಂಥದೇ ಹೆಚ್ಚಳ. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುವವರಲ್ಲಿ ವಂಶಪಾರಂಪರ್ಯದ ತೆಳುವಾಗುವಿಕೆಯನ್ನು ಮೊದಲು ನೆನೆಯಬೇಕು.

ಕಾಯಿಲೆಯ ಹೆಸರು ಹೇಳಿದಾಗ ಅತ್ತೆ ಕೇಳಿದ ಪ್ರಶ್ನೆ ನಮ್ಮ ಜಿಲ್ಲೆಯದೇ: ವಾರಕ್ಕೆ ಐದು ದಿನ ಮೀನು ತಿನ್ನುವವರಿಗೆ ಥೈರಾಯ್ಡ್ ಬರುವುದುಂಟೇ? ಅಯೋಡಿನ್ ಕೊರತೆಯಿಂದ ಬರುವ ಗಳಗಂಡದ ವಿಚಾರ ಬೇರೆ. ಅದಕ್ಕಾಗಿ ದೇಶದಲ್ಲಿ 1962ರಿಂದಲೇ ರಾಷ್ಟ್ರೀಯ ಕಾರ್ಯಕ್ರಮವಿದೆ, ಅಡುಗೆಯ ಉಪ್ಪಿಗೆ ಅಯೋಡಿನ್ ಬಂದದ್ದೂ ಅದರಿಂದಲೇ. ಇವರದು ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಕಾಯಿಲೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಮೆಲ್ಲಮೆಲ್ಲನೆ ಹಾಳುಮಾಡುತ್ತದೆ. ಮೀನು ತಿಂದರೆ ಇದು ತಪ್ಪುವುದಿಲ್ಲ, ಮೀನು ಬಿಟ್ಟರೆ ಹೋಗುವುದೂ ಇಲ್ಲ; ಅಯೋಡಿನ್ ಮಾತ್ರೆ ನುಂಗಿದರೆ ಕೆಲವೊಮ್ಮೆ ಇನ್ನಷ್ಟು ಕೆಡಬಹುದು.

ಚಿಕಿತ್ಸೆ ಮತ್ತು ಕಾಫಿ

ಕೊರತೆಯಾದ ಥೈರಾಯ್ಡ್ ಹಾರ್ಮೋನನ್ನು ತುಂಬಿಕೊಡುವ ಲೆವೊಥೈರಾಕ್ಸಿನ್ ಮಾತ್ರೆಯ ಪ್ರಮಾಣವನ್ನು ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂನಂತೆ ಲೆಕ್ಕ ಹಾಕುತ್ತೇವೆ. ಹೃದಯದ ತೊಂದರೆಯಿಲ್ಲದ ಈ ವಯಸ್ಸಿನವರಿಗೆ ಮೊದಲಿನಿಂದಲೇ ಪೂರ್ತಿ ಪ್ರಮಾಣ ಕೊಡಬಹುದಾದ್ದರಿಂದ 100 ಮೈಕ್ರೋಗ್ರಾಂ ಆರಂಭಿಸಿದೆ. ಜೊತೆಗೆ ಕಬ್ಬಿಣದ ಮಾತ್ರೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಏನನ್ನೂ ತೆಗೆದುಕೊಳ್ಳಬಾರದು, ಕಬ್ಬಿಣಕ್ಕೂ ಇದಕ್ಕೂ 4 ಗಂಟೆ ಅಂತರವಿರಬೇಕು ಎಂದು ಬರೆದುಕೊಟ್ಟಿದ್ದೆ.

ಐದನೆಯ ವಾರ ಅವರು ಅಳುವ ಸ್ಥಿತಿಯಲ್ಲಿ ಫೋನ್ ಮಾಡಿದರು. ಮಾತ್ರೆ ಶುರುವಾದ ಮೇಲೆ ಕೂದಲು ಇನ್ನೂ ಹೆಚ್ಚು ಹೋಗುತ್ತಿದೆ, ನಿಲ್ಲಿಸಲೇ ಎಂದು ಕೇಳಿದರು. ಬಹಳಷ್ಟು ಜನ ಮದ್ದು ಬಿಡುವುದು ಈ ಘಟ್ಟದಲ್ಲಿಯೇ. ವಿಶ್ರಾಂತಿಯಲ್ಲಿ ಕುಳಿತ ಕೂದಲು ಹೇಗಿದ್ದರೂ ಉದುರಲೇಬೇಕಾದದ್ದು. ಬುಡ ಎಚ್ಚೆತ್ತು ಕೆಳಗಿನಿಂದ ಹೊಸದು ಹೊರಡುವಾಗ ಹಳೆಯದು ಬೇಗ ಕಳಚಿಕೊಳ್ಳುತ್ತದೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಆ ಅಳು ತಪ್ಪುತ್ತಿತ್ತು. ಈಗ ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ.

ಏಳನೆಯ ವಾರದ ಪರೀಕ್ಷೆಯಲ್ಲಿ ಟಿಎಸ್‌ಎಚ್ 13.4. ಈ ಮದ್ದಿನ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು ಒಂದು ವಾರವಾದ್ದರಿಂದ 6ರಿಂದ 8 ವಾರಗಳಲ್ಲಿ ಅದರ ಪರಿಣಾಮ ಪೂರ್ತಿ ತಿಳಿಯಬೇಕು; ಇಳಿಕೆ ನಿರೀಕ್ಷಿಸಿದಷ್ಟಿರಲಿಲ್ಲ. ಪ್ರಮಾಣ ಏರಿಸುವುದು ಸುಲಭದ ದಾರಿಯಾಗಿತ್ತು. ಅದರ ಬದಲು ಬೆಳಗಿನ ದಿನಚರಿಯನ್ನು ಗಡಿಯಾರ ಹಿಡಿದು ಹೇಳಿಸಿದೆ. ಐದೂವರೆಗೆ ಎದ್ದು, ಹೂವು ಕೊಯ್ಯಲು ಹೋಗುವ ಮುಂಚೆ ಕಾಫಿ ಕುಡಿಯುತ್ತಾರೆ. ಮಾತ್ರೆಯೂ ಆ ಲೋಟದ ಜೊತೆಗೇ. ಕಾಫಿ ಈ ಮದ್ದು ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆ ಏಳೂವರೆಯ ತಿಂಡಿಯೊಂದಿಗೆ. ಮೇಲಾಗಿ ಎರಡೂ ಬಗೆಯ ಮಾತ್ರೆಗಳನ್ನು ಸೀಸೆಯಿಂದ ತೆಗೆದು, ಒಲೆಯ ಪಕ್ಕದ ಗೂಡಿನಲ್ಲಿ, ಸ್ಟೀಲಿನ ಕರಡಿಗೆಯಲ್ಲಿ ಹಾಕಿಟ್ಟಿದ್ದರು. ಮಳೆಗಾಲದಲ್ಲಿ ಬಾಗಿಲುಗಳೇ ಉಬ್ಬಿ ಮುಚ್ಚಲಾಗದಂಥ ನಮ್ಮ ತೇವದಲ್ಲಿ, ಬಿಸಿ ಮತ್ತು ತೇವ ಎರಡಕ್ಕೂ ಕೆಡುವ ಮಾತ್ರೆಗೆ ಅದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಪ್ರಮಾಣ ಬದಲಿಸಲಿಲ್ಲ. ಎದ್ದ ಕೂಡಲೇ ಮಾತ್ರೆ ಮತ್ತು ನೀರು, ಹೂವು ಕೊಯ್ದು ಬಂದ ಮೇಲೆ ಕಾಫಿ, ಸಂಜೆ ಕಬ್ಬಿಣ, ಹೊಸ ಸೀಸೆ ಮಲಗುವ ಕೋಣೆಯ ಕಪಾಟಿನಲ್ಲಿ. ಅಕ್ಟೋಬರ್ ಮೊದಲ ವಾರ ಟಿಎಸ್‌ಎಚ್ 2.4, ಈ ಸಲ ಬಯೋಟಿನ್ ಇಲ್ಲದೆ.

ಸೆಪ್ಟೆಂಬರಿನಲ್ಲಿ ಹಣೆಯ ಅಂಚಿನಲ್ಲಿ ಎಷ್ಟು ಬಾಚಿದರೂ ನಿಲ್ಲದ ಮರಿಕೂದಲು ಎದ್ದಿತ್ತು. ಧ್ವನಿ ಮತ್ತು ಸುಸ್ತು ಅದಕ್ಕೂ ಮೊದಲೇ ಸುಧಾರಿಸಿದ್ದವು, ಮುಟ್ಟು ಐದು ದಿನಕ್ಕಿಳಿಯಿತು. ಡಿಸೆಂಬರಿನಲ್ಲಿ ಎಳೆದು ನೋಡಿದಾಗ ಎರಡು ಕೂದಲು ಮಾತ್ರ ಬಂದವು, ಫೆರಿಟಿನ್ 41ಕ್ಕೆ ಏರಿತ್ತು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಹೊಸದಾಗಿ ಹುಟ್ಟಿದ್ದು ಮೊದಲಿನ 45 ಸೆಂಟಿಮೀಟರಿನ ಜಡೆಗೆ ಸೇರಲು ನಾಲ್ಕು ವರ್ಷ ಬೇಕೆಂದು ಲೆಕ್ಕ ಮಾಡಿ ತೋರಿಸಿದೆ. ಒಂದು ವರ್ಷದ ಮೇಲೆ ಕಳೆದ ಜೂನಿನಲ್ಲಿ ಬಂದಾಗ ಹುಬ್ಬು ಬಹುಪಾಲು ತುಂಬಿತ್ತು, ಪೆನ್ಸಿಲಿನ ಗೆರೆ ಇರಲಿಲ್ಲ. ಕಿವಿಯ ಮೇಲಿನ ಎರಡು ಕಡೆ ಮಾತ್ರ ಇನ್ನೂ ತೆಳುವಾಗಿಯೇ ಇದೆ, ಅದು ಪೂರ್ತಿ ತುಂಬುತ್ತದೆಂದು ನಾನು ಮಾತು ಕೊಟ್ಟಿಲ್ಲ.

ಹೊರಡುವಾಗ ಆ ಬಯೋಟಿನ್ ಸೀಸೆ ಏನಾಯಿತೆಂದು ಕೇಳಿದೆ. ಅರ್ಧ ಉಳಿದಿತ್ತು, ಬಿಸಾಡಲು ಮನಸ್ಸಾಗಲಿಲ್ಲ, ಹೆರಿಗೆಯಾಗಿ ಮೂರು ತಿಂಗಳಾದ ನಾದಿನಿಗೆ ಕೂದಲು ಉದುರುತ್ತಿದೆಯೆಂದು ಅವರಿಗೆ ಕೊಟ್ಟಿದ್ದರು. ನಾದಿನಿಗೆ ಮುಂದಿನ ಸೋಮವಾರ ಥೈರಾಯ್ಡ್ ಪರೀಕ್ಷೆಯಂತೆ. ಅಲ್ಲಿಯೇ ಕುಳಿತು ಫೋನ್ ಮಾಡಿಸಿ, ಮಾತ್ರೆಯನ್ನು ಅಂದಿನಿಂದಲೇ ನಿಲ್ಲಿಸಲು ಹೇಳಿದೆ.